ಕತ್ತರಿಗೆ ಸಿಕ್ಕ ಅಮ್ಮ

ಜೂನ್ 1

ಮಗಳು ಪಿಟೀಲಿಗೆ ಆಶೀರ್ವಾದಗಳು.

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ನೆಲಮಾಳಿಗೆಯಲ್ಲಿರುತ್ತೇನೆ. ಗಾಬರಿ ಬೇಡ, ಯಾರೂ ಹಿಡಿದು ಹಾಕಿಲ್ಲ. ನಾನೇ ಹೆಸರು ಕೊಟ್ಟು ಬಂದಿದ್ದೇನೆ. ನೀನು ವೇಳಾಪಟ್ಟಿ ಬರೆಯುವ ಬಸ್ಸುಗಳ ಕೊನೆಯ ಸ್ಟಾಪಿನಲ್ಲಿ, ಮನುಷ್ಯರ ನಿದ್ದೆಯ ಬಗ್ಗೆ ಸಂಶೋಧನೆ ಮಾಡುವ ಕಟ್ಟಡ ಇದೆಯಲ್ಲ, ಅಲ್ಲಿ. ಒಂದು ಕೋಣೆ, ಮಂಚ, ಮೇಜು, ದೀಪ. ಕಿಟಕಿ ಇಲ್ಲ, ಗಡಿಯಾರ ಇಲ್ಲ, ರೇಡಿಯೋ ಇಲ್ಲ. ಎಷ್ಟು ದಿನ ಎಂದು ನನಗೆ ಹೇಳುವುದಿಲ್ಲವಂತೆ. ಒಂದು ತಿಂಗಳಿಗಿಂತ ಹೆಚ್ಚು, ಮೂರು ತಿಂಗಳಿಗಿಂತ ಕಡಿಮೆ, ಅಷ್ಟೇ.

ಕಾರಣ ನಿನ್ನ ಅಮ್ಮ. ಹೋದ ಮಂಗಳವಾರ ಬೆಳಿಗ್ಗೆ ಎಂದಿನಂತೆ ಮೆಟ್ಟಿಲ ಮೇಲೆ ನಿಂತು ‘ಆರು ಗಂಟೆ’ ಎಂದು ಕೂಗಿದೆ. ಪಕ್ಕದ ಮನೆಯ ದರ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಯಜಮಾನ್ರೇ, ರೇಡಿಯೋದಲ್ಲಿ ಆರೂ ಹತ್ತು ಅಂತಿದೆ’ ಎಂದ. ಮೂವತ್ತನಾಲ್ಕು ವರ್ಷ ಗಿರಣಿಯ ಸೈರನ್ ಊದಿದವನಿಗೆ ರೇಡಿಯೋ ಪಾಠ. ಅವನಿಗೆ ತಕ್ಕ ಉತ್ತರ ಕೊಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ನಿನ್ನ ಅಮ್ಮ, ‘ಇವತ್ತು ನಾನು ಕಿಟಕಿ ತೆಗೆದಿದ್ದು ತಡ ಆಯ್ತು, ಅದಕ್ಕೇ ಇವರ ಆರು ಗಂಟೆನೂ ತಡ’ ಎಂದಳು. ದರ್ಜಿ ನಕ್ಕ. ಸೂಜಿಯನ್ನು ಬಾಯಲ್ಲಿಟ್ಟುಕೊಂಡೇ ನಕ್ಕ.

ನೀನೇ ಹೇಳು. ನಾನು ಒಂದು ದಿನ ಕೈಗೆ ವಾಚು ಕಟ್ಟಿದವನಲ್ಲ. ಮನೆಯಲ್ಲಿ ಗಡಿಯಾರ ಇಟ್ಟವನಲ್ಲ. ಸೈರನ್ ಕೋಣೆಯ ಗೋಡೆಗಡಿಯಾರದ ಮೇಲೆ ನನ್ನ ಟೋಪಿ ನೇತಾಡುತ್ತಿತ್ತು. ಮ್ಯಾನೇಜರು ನನ್ನ ಸೈರನ್ ಕೇಳಿ ತನ್ನ ವಾಚು ಸರಿ ಮಾಡಿಕೊಂಡು, ಆಮೇಲೆ ಅದೇ ವಾಚು ನೋಡಿ ನನ್ನ ಸೈರನ್ ಸರಿಯಾಗಿದೆ ಎಂದು ವರ್ಷಾವರ್ಷ ಸರ್ಟಿಫಿಕೇಟು ಕೊಟ್ಟಿದ್ದಾನೆ. ಗಿರಣಿಯವರು ಹೋದ ವರ್ಷ ಸೈರನ್ನನ್ನೂ ನನ್ನನ್ನೂ ಒಟ್ಟಿಗೆ ಮನೆಗೆ ಕಳಿಸಿದರು, ಅದು ಬೇರೆ ಮಾತು. ಸಮಯ ನನ್ನ ಮೈಯೊಳಗಿದೆಯೋ ಅಥವಾ ಅವಳ ಕಿಟಕಿಯಲ್ಲಿದೆಯೋ ಎನ್ನುವುದು ತೀರ್ಮಾನವಾಗಲೇಬೇಕು.

ಆದ್ದರಿಂದ ಪಂದ್ಯ ಕಟ್ಟಿ ಬಂದಿದ್ದೇನೆ. ಚೀಟಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಬಾಗಿಲು ತೆರೆದ ದಿನ ನಾನು ತಾರೀಕು, ಗಂಟೆ ಎರಡನ್ನೂ ಹೇಳುತ್ತೇನೆ. ಒಂದು ಗಂಟೆಯ ಒಳಗೆ ಸರಿಯಾಗಿದ್ದರೆ ಅವಳು ಈ ಜನ್ಮದಲ್ಲಿ ಕಿಟಕಿಯ ಮಾತು ಎತ್ತಬಾರದು. ತಪ್ಪಿದರೆ ನಡುಮನೆಯಲ್ಲಿ ಗಡಿಯಾರ ತೂಗುಹಾಕಲು ನಾನೇ ನನ್ನ ಕೈಯಾರ ಮೊಳೆ ಹೊಡೆಯಬೇಕು. ಮದುವೆಯಾದಾಗಿನಿಂದ ಅವಳಿಗೆ ಆ ಗಡಿಯಾರದ ಹುಚ್ಚು.

ಇಲ್ಲಿ ನನಗೊಂದು ಗುಂಡಿ ಕೊಟ್ಟಿದ್ದಾರೆ. ಬೆಳಿಗ್ಗೆ ಆರು ಎನ್ನಿಸಿದಾಗ ಒತ್ತಬೇಕು. ಮೇಲೆ ಡಾಕ್ಟರಮ್ಮ ಬರೆದುಕೊಳ್ಳುತ್ತಾಳೆ. ಸಣ್ಣ ಸೈರನ್ ಅಂದುಕೋ. ನೀನು ಅಷ್ಟು ದಿನ ಅಮ್ಮನ ಜೊತೆ ಬಂದಿರು.

ಇಂತು, ಊರನ್ನು ಎಬ್ಬಿಸಿದ ನಿನ್ನ ಅಪ್ಪ

---

ಜೂನ್ 5

ಅಪ್ಪನಿಗೆ,

ಹುಟ್ಟಿದಾಗ ವಿಪರೀತ ಅಳುತ್ತಿದ್ದೆ ಎಂದು ನನಗೆ ಪಿಟೀಲು ಎಂದು ಹೆಸರಿಟ್ಟೆ. ಈಗ ಮನೆಬಿಟ್ಟು ಹೋಗಿ ಕೂತಿರುವವನು ನೀನು. ಮೂವತ್ತು ವರ್ಷ ತಡವಾಗಿ ಆ ಹೆಸರು ನಿನಗೇ ವಾಪಸ್ಸು ಕೊಡಬೇಕು ಅನ್ನಿಸುತ್ತಿದೆ.

ಡಾಕ್ಟರಮ್ಮನನ್ನು ಕಂಡು ಬಂದೆ. ಒಳ್ಳೆಯವಳು, ಆದರೆ ಕಟ್ಟುನಿಟ್ಟು. ನಿನಗೆ ಬರೆಯುವ ಕಾಗದದಲ್ಲಿ ತಾರೀಕು, ಗಂಟೆ, ಬಿಸಿಲು, ಮಳೆ ಏನೂ ಇರಬಾರದಂತೆ. ಇದ್ದರೆ ಕತ್ತರಿಸುತ್ತಾಳಂತೆ. ಮೇಜಿನ ಮೇಲೆ ಒಂದು ಉದ್ದ ಕತ್ತರಿಯನ್ನೂ ತೋರಿಸಿದಳು. ಆದರೆ ದಿನಾ ಡಿಪೋದಲ್ಲಿ ಕೂತು ಬಸ್ಸುಗಳ ವೇಳಾಪಟ್ಟಿ ಬರೆಯುವವಳ ಕೈ ತಾರೀಕು ಹಾಕದೆ ಮುಂದೆ ಹೋಗುವುದಿಲ್ಲ. ಅವಳು ಕತ್ತರಿಸಿಕೊಳ್ಳಲಿ. ಪೂರ್ತಿ ಕಾಗದದ ಒಂದೊಂದು ಪ್ರತಿ ನನ್ನ ಹತ್ತಿರ ಇರುತ್ತದೆ.

ನಾನು ಬ್ಯಾಗು ಹಿಡಿದು ಮನೆಗೆ ಬಂದಾಗ ಅಮ್ಮ, ‘ಎರಡು ದಿನ ನೋಡು, ಹೊಟ್ಟೆ ಚುರುಗುಟ್ಟಿದ್ರೆ ತಾವೇ ಬರ್ತಾರೆ’ ಎಂದಳು. ಪಂದ್ಯದ ಚೀಟಿಯನ್ನು ಹಿಟ್ಟಿನ ಡಬ್ಬಿಯ ಮೇಲೆ ಅಂಟಿಸಿದ್ದಾಳೆ. ನಡುಮನೆಯ ಗೋಡೆಯಲ್ಲಿ ಗಡಿಯಾರಕ್ಕೆ ಜಾಗ ಗೊತ್ತು ಮಾಡಿ ಪೆನ್ಸಿಲಿನಿಂದ ಗುಂಡಗೆ ಗೆರೆಯನ್ನೂ ಎಳೆದಿದ್ದಾಳೆ. ಅಪ್ಪನಿಗೆ ಏನಾದರೂ ಹೇಳಬೇಕಾ ಎಂದು ಕೇಳಿದೆ. ‘ಏನಿಲ್ಲ’ ಎಂದಳು. ಒಲೆಯ ಕಡೆ ತಿರುಗಿ, ‘ಕಂಬಳಿ ಕೊಟ್ಟಿದಾರಾ ಕೇಳು’ ಎಂದಳು.

ಕೊಟ್ಟಿದ್ದಾರಾ?

ನಿನ್ನ ಮಗಳು

---

ಜೂನ್ 7
(ಪೆನ್ಸಿಲಿನಲ್ಲಿ ಮಗಳ ಕೈಬರಹ: ಅಪ್ಪ ಬರೆದು ಕಳಿಸಿದ್ದು, ನನ್ನ ಕೈಗೆ ಬಂದದ್ದು ಎರಡೂ ಜೂನ್ 9.)

ಪಿಟೀಲಿಗೆ,

ಕೊಟ್ಟಿದ್ದಾರೆ. ಎರಡು ಕೊಟ್ಟಿದ್ದಾರೆ ಎಂದು ಹೇಳು.

ನಾನು ಇಲ್ಲಿ ರಾಜನ ಹಾಗಿದ್ದೇನೆ. ದೀಪದ ಸ್ವಿಚ್ಚು ನನ್ನ ಕೈಯಲ್ಲೇ ಇದೆ. ಬೇಕೆಂದಾಗ ಹಗಲು, ಸಾಕೆಂದಾಗ ರಾತ್ರಿ. ಹಸಿವಾದಾಗ ಗಂಟೆ ಒತ್ತಿದರೆ ಊಟ. ತಂದುಕೊಡುವ ಸಹಾಯಕ ಮಹಾ ಕಿಲಾಡಿ. ಅವನ ಗಡ್ಡ ನೋಡಿ ಬೆಳಿಗ್ಗೆಯೋ ಸಂಜೆಯೋ ಕಂಡುಹಿಡಿಯೋಣವೆಂದರೆ ಯಾವಾಗ ಬಂದರೂ ಮುಖ ನುಣ್ಣಗೆ. ಆಕಳಿಸುವುದಿಲ್ಲ. ‘ನಮಸ್ಕಾರ’ ಬಿಟ್ಟು ಬೇರೆ ಮಾತಿಲ್ಲ. ನಿನ್ನೆ ತಟ್ಟನೆ, ‘ನಿಮ್ಮ ಊಟ ಆಯ್ತಾ?’ ಎಂದು ಕೇಳಿದೆ. ನಾಲಿಗೆ ಕಚ್ಚಿಕೊಂಡು ಓಡಿಹೋದ.

ನನ್ನ ಲೆಕ್ಕ ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಒಂದೇ ಒಂದು ವಿಚಿತ್ರ. ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಕೋಳಿನಿದ್ದೆ ಮಾಡಿದೆ. ಎದ್ದು ಕನ್ನಡಿ ನೋಡಿದರೆ ಕೆನ್ನೆಯ ತುಂಬ ಗಡ್ಡ. ಇಲ್ಲಿಯ ಗಾಳಿಗೆ ಗಡ್ಡ ಬೇಗ ಬೆಳೆಯುತ್ತದೆ ಎಂದು ಕಾಣುತ್ತದೆ.

ಅಮ್ಮ ಸೋತ ಮುಖ ಮಾಡಿಕೊಳ್ಳಲು ಈಗಿನಿಂದಲೇ ಅಭ್ಯಾಸ ಮಾಡಲಿ.

ಇಂತು, ಅಪ್ಪ

---

ಜೂನ್ 12

ಅಪ್ಪನಿಗೆ,

ಈ ಕಾಗದದಲ್ಲಿ ಎಷ್ಟು ಉಳಿಯುತ್ತದೋ ಗೊತ್ತಿಲ್ಲ, ಆದರೂ ಬರೆಯುತ್ತೇನೆ, ಏಕೆಂದರೆ ನನಗೆ ತಲೆ ಕೆಟ್ಟುಹೋಗಿದೆ.

ಅಮ್ಮ ಬೆಳಿಗ್ಗೆ ಒಂಬತ್ತಕ್ಕೆ ಏಳುತ್ತಿದ್ದಾಳೆ. ನಾನು ಎಂಟು ಗಂಟೆಗೆ ಎದ್ದು ಕೋಣೆಗೆ ಇಣುಕಿದರೆ ಗಡದ್ದಾಗಿ ನಿದ್ದೆ. ಅಮ್ಮ ಮಲಗಿರುವುದನ್ನು ನಾನು ಹುಟ್ಟಿದ ಮೇಲೆ ಇದೇ ಮೊದಲು ನೋಡಿದ್ದು. ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದೆ. ಜ್ವರವೂ ಇಲ್ಲ, ಮಣ್ಣೂ ಇಲ್ಲ, ಒಂಬತ್ತರವರೆಗೂ ನಿದ್ದೆ ಅಷ್ಟೇ.

ಅಮ್ಮ ಮಧ್ಯಾಹ್ನದ ಅಡುಗೆಯನ್ನು ನಾಲ್ಕಕ್ಕೆ ಇಳಿಸುತ್ತಾಳೆ. ಐದೂಕಾಲಿಗೆ, ನೀನು ಗಿರಣಿಯಿಂದ ಬರುತ್ತಿದ್ದ ಹೊತ್ತಿಗೆ, ಬಾಗಿಲು ನೋಡುತ್ತಾಳೆ ಎಂದುಕೊಂಡಿದ್ದೆ. ಅದೂ ಇಲ್ಲ. ಏಳಕ್ಕೆ ನೋಡುತ್ತಾಳೆ. ಅಮ್ಮ ಊಟಕ್ಕೆ ಮೂರು ತಟ್ಟೆ ಹಾಕಿ, ಆಮೇಲೆ ಸಿಟ್ಟಿನಿಂದ ಒಂದನ್ನು ತೆಗೆದಿಡುತ್ತಾಳೆ. ರಾತ್ರಿ ಹನ್ನೆರಡಾದರೂ ಬಟ್ಟೆ ಮಡಿಸುತ್ತ, ‘ಇನ್ನೂ ಒಂಬತ್ತು ಆಗಿರಲ್ಲ ಬಿಡು’ ಎನ್ನುತ್ತಾಳೆ. ನನ್ನ ವಾಚು ತೋರಿಸಲು ಹೋದರೆ, ‘ನಿನ್ನ ವಾಚನ್ನ ನಿನ್ನ ಬಸ್ಸಿಗೇ ಇಟ್ಕೋ’ ಎಂದು ಮುಖ ತಿರುಗಿಸುತ್ತಾಳೆ.

ನಗಬೇಡ. ನನಗೆ ಹೆದರಿಕೆಯಾಗುತ್ತಿದೆ.

ನಿನ್ನ ಮಗಳು

---

ಜೂನ್ 16
(ಪೆನ್ಸಿಲಿನಲ್ಲಿ: ನಿಜವಾಗಿ ಜೂನ್ 21. ಐದು ದಿನ ಎಲ್ಲಿ ಕಳೆದುಕೊಂಡ?)

ಪಿಟೀಲಿಗೆ,

ನಿನ್ನ ಕಾಗದ ಇಲಿ ತಿಂದ ಹಾಗೆ ಬಂದಿದೆ. ಎತ್ತಿ ಹಿಡಿದರೆ ಆಚೆಯ ಗೋಡೆ ಕಾಣುತ್ತದೆ. ಉಳಿದಿರುವುದನ್ನು ಇದ್ದ ಹಾಗೇ ಬರೆಯುತ್ತೇನೆ: ‘ತಲೆ ಕೆಟ್ಟುಹೋಗಿದೆ.’ ತೂತು. ‘ಅಮ್ಮ’, ತೂತು. ‘ಹಣೆ ಮುಟ್ಟಿ ನೋಡಿದೆ.’ ಮತ್ತೆ ‘ಅಮ್ಮ’, ದೊಡ್ಡ ತೂತು. ‘ಮೂರು ತಟ್ಟೆ’. ತೂತು. ‘ನಗಬೇಡ. ನನಗೆ ಹೆದರಿಕೆಯಾಗುತ್ತಿದೆ.’

ಇದನ್ನು ಓದಿ ನಗುವವನು ಯಾರು? ಹಣೆ ಯಾಕೆ ಮುಟ್ಟಿದೆ? ಅಮ್ಮನಿಗೆ ಮೈ ಸರಿಯಿಲ್ಲವೇ? ಮತ್ತೆ, ಮನೆಯಲ್ಲಿರುವುದು ನೀವಿಬ್ಬರು. ಮೂರನೆಯ ತಟ್ಟೆ ಯಾರದು? ದರ್ಜಿ ಊಟಕ್ಕೆ ಬರುತ್ತಿದ್ದಾನೆಯೇ? ಬಾಯಲ್ಲಿ ಸೂಜಿ ಇಟ್ಟುಕೊಂಡು ಹೇಗೆ ಉಣ್ಣುತ್ತಾನೆ?

ಸಹಾಯಕನನ್ನು ಕೇಳಿದೆ. ‘ನಮಸ್ಕಾರ’ ಎಂದ.

ನನ್ನ ಮೈಗಡಿಯಾರ ಭೇಷಾಗಿ ನಡೆಯುತ್ತಿದೆ. ಅದರ ಚಿಂತೆ ನಿನಗೆ ಬೇಡ. ತಟ್ಟೆಯ ವಿಷಯ ಬಿಡಿಸಿ ಬರೆ. ಸಮಯ ಸೇರಿಸದೆ ಬರೆ.

ಇಂತು, ಅಪ್ಪ

---

ಜೂನ್ 24

ಅಪ್ಪನಿಗೆ,

ಮೂರನೆಯ ತಟ್ಟೆ ನಿನ್ನದೇ, ಮಾರಾಯ. ಅಮ್ಮನಿಗೆ ಜ್ವರ ಇಲ್ಲ.

ಇನ್ನು ಕೇಳು. ಈಗ ಬರೆಯುವುದು ನಿನಗೆ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನೆ ಓಣಿಯ ಹೆಂಗಸರೆಲ್ಲ ಹಾಲಿನವನ ಮೇಲೆ ಬಿದ್ದಿದ್ದರು. ಎರಡು ವಾರದಿಂದ ಒಂಬತ್ತೂವರೆಗೆ ಹಾಲು ತರುತ್ತಿದ್ದಾನೆ. ಮಕ್ಕಳು ಹಸಿದ ಹೊಟ್ಟೆಯಲ್ಲಿ ಶಾಲೆಗೆ ಹೋಗುತ್ತಿದ್ದಾರೆ, ಅದೂ ತಡವಾಗಿ. ಯಾಕಯ್ಯಾ ಎಂದು ಕೇಳಿದರೆ ಅವನು ನಮ್ಮ ಮನೆಯ ಕಡೆ ಕೈ ತೋರಿಸಿ, ‘ಇವರ ಅಡುಗೆಮನೆ ದೀಪ ಹತ್ತಿದ್ ತಕ್ಷಣ ನಾನು ಸೈಕಲ್ ಹತ್ತೋದು. ದೀಪಾನೇ ಹತ್ತಲ್ಲ ಅಂದ್ರೆ ನಾನೇನ್ ಮಾಡ್ಲಿ ತಾಯೀ’ ಎಂದ. ಹದಿನೆಂಟು ವರ್ಷದಿಂದ ಹೀಗೇ ಅಂತೆ. ಅವನ ಮನೆಯಲ್ಲೂ ಗಡಿಯಾರ ಇಲ್ಲ. ಈ ಓಣಿಯಲ್ಲಿ ಗಡಿಯಾರ ಇರುವುದು ನನ್ನ ಕೈಯಲ್ಲಿ ಮಾತ್ರ ಎಂದು ಕಾಣುತ್ತದೆ.

ಅಮ್ಮ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು.

ನಿನ್ನ ಮಗಳು

---

ಜೂನ್ 26

ಮಾನ್ಯರೇ,

ನಿಮ್ಮ ಮೊನ್ನೆಯ ಕಾಗದದಲ್ಲಿ ಮೊದಲ ಸಾಲು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಬೇಕಾಯಿತು. ಕ್ಷಮಿಸಿ. ನಿಮ್ಮ ಹಾಲಿನವರೂ ಹೋದರು.

ಒಂದು ಸಣ್ಣ ವಿನಂತಿ. ದಯವಿಟ್ಟು ನಿಮ್ಮ ತಾಯಿಯವರನ್ನು ಬಿಟ್ಟು ಬೇರೆ ಯಾವುದಾದರೂ ವಿಷಯ ಬರೆಯಿರಿ. ನೆಂಟರು, ಬಸ್ಸು, ಬೆಕ್ಕು, ಯಾವುದಾದರೂ ಆಗಬಹುದು. ನಿಮ್ಮ ತಾಯಿಯವರ ವಿಷಯ ಬಂದ ಕಡೆಯೆಲ್ಲ ಹೊತ್ತಿನ ಸೂಚನೆ ಬಂದೇ ಬರುತ್ತದೆ. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಒಬ್ಬ ವ್ಯಕ್ತಿಯನ್ನೇ ಕತ್ತರಿಸಬೇಕಾದದ್ದು ಇದೇ ಮೊದಲು.

ನಿಮ್ಮ ತಂದೆಯವರು ಚೆನ್ನಾಗಿದ್ದಾರೆ. ಅವರು ಗುಂಡಿ ಒತ್ತುತ್ತಿರುವ ಹೊತ್ತುಗಳನ್ನು ಈಗಲೇ ನಿಮಗೆ ಹೇಳುವಂತಿಲ್ಲ. ಸಹಾಯಕರು ನಗು ತಡೆಯಲಾರದೆ ರಜೆ ಕೇಳಿದ್ದಾರೆ ಎಂದಷ್ಟೇ ಹೇಳಬಲ್ಲೆ.

ವಂದನೆಗಳೊಂದಿಗೆ, ಸಂಶೋಧನಾಲಯದ ಡಾಕ್ಟರು

---

ಜೂನ್ 28
(ಪೆನ್ಸಿಲಿನಲ್ಲಿ: ಜುಲೈ 5.)

ಪಿಟೀಲಿಗೆ,

ನಿನ್ನ ಕಾಗದ ಒಂದು ಬೆರಳಿನಷ್ಟು ಅಗಲ ಬಂತು. ‘ಮೂರನೆಯ ತಟ್ಟೆ ನಿನ್ನದೇ, ಮಾರಾಯ. ಅಮ್ಮನಿಗೆ ಜ್ವರ ಇಲ್ಲ.’ ಅಷ್ಟೇ. ಅದನ್ನು ನಾಲ್ಕು ಸಲ ಓದಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ದರ್ಜಿಯ ಬಗ್ಗೆ ಬರೆದದ್ದನ್ನು ಮರೆತುಬಿಡು.

ಇಲ್ಲಿ ಕಾಲ ಕೆಟ್ಟಿದೆ. ದೀಪದ ಸ್ವಿಚ್ಚನ್ನು ಕಿತ್ತುಕೊಂಡಿದ್ದಾರೆ. ಈಗ ಬೆಳಕು ಅವರಿಗೆ ಬೇಕೆಂದಾಗ ಬರುತ್ತದೆ, ಊಟವೂ ಅವರಿಗೆ ಬೇಕೆಂದಾಗಲೇ. ಎರಡಕ್ಕೂ ಒಂದಕ್ಕೊಂದು ಮಾತುಕತೆ ಇಲ್ಲ. ದೀಪ ಹತ್ತಿ ಕಣ್ಣು ‘ಬೆಳಗಾಯಿತು’ ಎನ್ನುತ್ತದೆ, ಹೊಟ್ಟೆ ‘ರಾತ್ರಿ ಊಟ ಎಲ್ಲಿ’ ಎಂದು ತಾಳ ಹಾಕುತ್ತದೆ. ಊಟ ಬಂದಾಗ ನಾಲಿಗೆಗೆ ಬೇಡ. ಮಲಗಿದರೆ ಕಾಲು ನಡೆಯಬೇಕು ಅನ್ನುತ್ತದೆ. ಮೊನ್ನೆ ಒಂದೇ ಹಗಲಿನಲ್ಲಿ ಬೆಳಿಗ್ಗೆ ಆರರ ಗುಂಡಿಯನ್ನು ಎರಡು ಸಲ ಒತ್ತಿದೆ. ಒಂದು ಸಲ ಕಣ್ಣಿನ ಮಾತು ಕೇಳಿ, ಇನ್ನೊಂದು ಸಲ ಹೊಟ್ಟೆಯ ಮಾತು ಕೇಳಿ.

ಕೋಣೆಯಿಂದ ಮೇಲಕ್ಕೆ ಮಾತ್ರ ಹೋಗುವ ಒಂದು ಫೋನಿದೆ, ಅದರಲ್ಲಿ ಡಾಕ್ಟರಮ್ಮನಿಗೆ ದೂರು ಕೊಟ್ಟೆ. ಅವಳು, ‘ನಿಮ್ಮೊಳಗಿರೋದು ಒಂದು ಗಡಿಯಾರ ಅಲ್ಲ ಯಜಮಾನ್ರೇ, ಅಂಗಾಂಗಕ್ಕೂ ಒಂದೊಂದಿದೆ. ತಲೆಯಲ್ಲಿರೋದು ದೊಡ್ಡದು, ಅದು ಬೆಳಕು ನೋಡ್ಕೊಂಡು ನಡೆಯುತ್ತೆ. ಹೊಟ್ಟೆ, ಲಿವರು ಎಲ್ಲ ಊಟದ ಹೊತ್ತನ್ನೂ ನೋಡ್ಕೋತವೆ. ಹೊರಗಿಂದ ಬರೋ ಸೂಚನೆ ಎಲ್ಲ ಒಂದೇ ಮಾತು ಹೇಳಿದ್ರೆ ನಿಮಗೆ ಒಂದೇ ಗಡಿಯಾರ ಅನ್ಸುತ್ತೆ, ಅಷ್ಟೇ’ ಎಂದಳು.

ಅಂದರೆ ನನ್ನೊಳಗೆ ಇಡೀ ಗಿರಣಿಯೇ ಇದೆ. ಒಂದೊಂದು ವಿಭಾಗ ಒಂದೊಂದು ಹೊತ್ತಿಗೆ ಕೆಲಸ ಶುರುಮಾಡಿದೆ, ಸೈರನ್ ಊದುವವನು ಮಾತ್ರ ಇಲ್ಲ. ನಿನಗೆ ಹೇಳಲು ನಾಚಿಕೆ ಏನು, ನನಗೂ ಹೆದರಿಕೆಯಾಗುತ್ತಿದೆ. ಗಿರಣಿಯವರು ಸೈರನ್ ಬಿಚ್ಚಿ ಲಾರಿಗೆ ಹಾಕಿದ ದಿನ, ಹೋದರೆ ಹೋಗಲಿ, ಸಮಯ ನನ್ನ ಮೈಯಲ್ಲಿದೆ ಎಂದುಕೊಂಡೆ. ಅದೂ ಇಲ್ಲ ಎಂದಾದರೆ ಮೂವತ್ತನಾಲ್ಕು ವರ್ಷ ನಾನು ಮಾಡಿದ್ದಾದರೂ ಏನು?

ಇಂತು, ಅಪ್ಪ

---

ಜುಲೈ 8
(ಪೆನ್ಸಿಲಿನಲ್ಲಿ: ಇದನ್ನು ಕಳಿಸಲಿಲ್ಲ.)

ಅಪ್ಪ,

ಇವತ್ತು ಅಮ್ಮ ಸ್ನಾನಕ್ಕೆ ಹೋಗಿದ್ದಾಗ ರೊಟ್ಟಿಗೆಂದು ಹಿಟ್ಟಿನ ಡಬ್ಬಿಗೆ ಕೈ ಹಾಕಿದೆ. ತಳದಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಎಳೆದರೆ ಬಟ್ಟೆಯ ಗಂಟು. ಬಿಚ್ಚುತ್ತಿದ್ದಂತೆ ಒಳಗೆ ವಾಚಿನ ಪಟ್ಟಿ ಕಂಡಿತು. ಅಷ್ಟರಲ್ಲಿ ಅಮ್ಮ ಒದ್ದೆ ತಲೆಯಲ್ಲೇ ಓಡಿಬಂದು ಕೈಯಿಂದ ಕಿತ್ತುಕೊಂಡಳು. ಇಬ್ಬರ ಮುಖಕ್ಕೂ ಹಿಟ್ಟು.

‘ನಿಮ್ಮಪ್ಪಂಗೆ ಹೇಳ್ಬೇಡ’ ಎಂದಳು. ‘ಮದುವೇಲಿ ನಮ್ಮಣ್ಣ ಕೊಟ್ಟಿದ್ದು. ಆವಾಗ್ಲಿಂದ ಇಲ್ಲೇ ಇದೆ.’

ಅಂದರೆ ಅಮ್ಮ ಪ್ರತಿದಿನ ಹಿಟ್ಟಿನ ಡಬ್ಬಿಯಲ್ಲಿ ಹೊತ್ತು ನೋಡಿ, ಕಿಟಕಿ ತೆರೆದು, ನಿನ್ನನ್ನು ಎಬ್ಬಿಸುತ್ತಿದ್ದಳು. ನಿನ್ನ ಮೈಗಡಿಯಾರ ಇದ್ದದ್ದು ಅಲ್ಲಿ. ನಿನ್ನ ಪಂದ್ಯ, ಮ್ಯಾನೇಜರರ ಸರ್ಟಿಫಿಕೇಟು ಎಲ್ಲ ಹಿಟ್ಟಾಯಿತು.

ಒಂದೇ ನನಗೆ ತಿಳಿಯದ್ದು. ಗಡಿಯಾರ ಇಟ್ಟುಕೊಂಡೂ ಅಮ್ಮ ಈಗ ಒಂಬತ್ತಕ್ಕೆ ಏಳುವುದು ಯಾಕೆ? ಕೇಳಿದೆ. ‘ಹಿಟ್ಟು ನಾದು’ ಎಂದಳು.

ನಿನ್ನ ಕೊನೆಯ ಕಾಗದ ಓದಿದ ಮೇಲೆ ಇದನ್ನು ನಿನಗೆ ಕಳಿಸಲು ನನ್ನಿಂದಾಗದು. ಡಾಕ್ಟರಮ್ಮ ಕತ್ತರಿಸುತ್ತಾಳೆ, ಸರಿ. ಕತ್ತರಿಸದೆ ಬಿಟ್ಟರೆ?

---

ಜುಲೈ 8

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಬಸ್ಸುಗಳು ಚೆನ್ನಾಗಿವೆ. ನಮಗೆ ಬೆಕ್ಕಿಲ್ಲ, ಇದ್ದಿದ್ದರೆ ಅದೂ ಚೆನ್ನಾಗಿರುತ್ತಿತ್ತು. ಇಷ್ಟು ಪೂರ್ತಿ ಮುಟ್ಟಬಹುದು ಅಂದುಕೊಂಡಿದ್ದೇನೆ.

ಅಮ್ಮ ಬೆಳಿಗ್ಗೆ ಎದ್ದ ತಕ್ಷಣ ನಿನ್ನ ಕಂಬಳಿಯನ್ನು ಬಿಸಿಲಿಗೆ ಹಾಕಿ ಸಂಜೆ ಮಡಿಸಿಡುತ್ತಾಳೆ. ಯಾರೂ ಹೊದೆಯದ ಕಂಬಳಿ.

ನಿನ್ನ ಮಗಳು

---

ಜುಲೈ 6
(ಪೆನ್ಸಿಲಿನಲ್ಲಿ: ಜುಲೈ 14.)

ಪಿಟೀಲಿಗೆ,

ನಿನ್ನ ಬೆಕ್ಕಿಲ್ಲದ ಕಾಗದ ಬಂತು. ಬೆಕ್ಕು ಪೂರ್ತಿ ಉಳಿದಿದೆ. ‘ಅಮ್ಮ’ ಆದಮೇಲೆ ತೂತು. ‘ನಿನ್ನ ಕಂಬಳಿಯನ್ನು’, ಸಣ್ಣ ತೂತು, ‘ಯಾರೂ ಹೊದೆಯದ ಕಂಬಳಿ’.

ಇವತ್ತು ಮಾಡಲು ಕೆಲಸವಿಲ್ಲದೆ ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದೆ. ನಿನ್ನ ಬಸ್ಸು, ನಿನ್ನ ತಮಾಷೆ, ನನಗೆ ಬೈದದ್ದು ಎಲ್ಲ ನೆಟ್ಟಗಿದೆ. ಮೂಲೆಯ ತಾರೀಕು ಬಿಟ್ಟರೆ ತೂತು ಬಿದ್ದಿರುವುದು ಅಮ್ಮ ಇದ್ದ ಕಡೆ ಮಾತ್ರ. ಇದೇನು ನನ್ನ ಹೆಂಡತಿಯ ಮೇಲೆ ಹಗೆ ಎಂದು ಫೋನೆತ್ತಿ ಡಾಕ್ಟರಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಅವಳು, ‘ನಾನು ಕತ್ತರಿಸೋದು ಸಮಯ ಹೇಳೋ ಮಾತನ್ನ ಮಾತ್ರ ಯಜಮಾನ್ರೇ. ನಿಮ್ಮ ಮನೆಯವರು ಬಂದ ಕಡೆಯೆಲ್ಲ ಸಮಯ ಇತ್ತು. ನಾನೇನ್ ಮಾಡ್ಲಿ’ ಎಂದಳು.

ಫೋನು ಇಟ್ಟು ಮಂಚದ ಮೇಲೆ ಕೂತೆ.

ಕಿಟಕಿ ತೆರೆದಾಗ ಮುಖದ ಮೇಲೆ ಬೀಳುವ ಬೆಳಕು. ಒಲೆ ಹತ್ತಿಸುವ ಸದ್ದು. ಕಾಯಿಸಿದ ನೀರು. ಚಹಾ. ಆಮೇಲೆ ರೊಟ್ಟಿ, ಬಿಸಿಯಾಗಿ, ನಾನು ಷರಟಿನ ಎರಡನೇ ಗುಂಡಿ ಹಾಕುವಾಗ. ಹನ್ನೆರಡಕ್ಕೆ ಊಟದ ಡಬ್ಬಿ. ಸಂಜೆ ಬಾಗಿಲಲ್ಲಿ ಅವಳು. ರಾತ್ರಿ ಅವಳು ದೀಪ ಆರಿಸಿದರೆ ನಿದ್ದೆ. ಇದನ್ನೆಲ್ಲ ನಾನು ನನ್ನ ಮೈಯ ಗುಣ ಅಂದುಕೊಂಡಿದ್ದೆ ಕಣೇ. ಬೆಳಕು, ಬಿಸಿ, ಊಟ, ಸದ್ದು ಎಂದು ಡಾಕ್ಟರಮ್ಮ ಬೇರೆ ಬೇರೆ ಮಾಡಿ ನನ್ನನ್ನು ಒದ್ದಾಡಿಸುತ್ತಿರುವುದನ್ನೆಲ್ಲ ನಿನ್ನ ಅಮ್ಮ ಒಟ್ಟಿಗೆ ಹಿಡಿದು ನಡೆಸುತ್ತಿದ್ದಳು. ಅವಳ ಹತ್ತಿರ ಗಡಿಯಾರವೂ ಇರಲಿಲ್ಲ. ಹೇಗೆ ಮಾಡುತ್ತಿದ್ದಳೋ.

ನೀನು ಇದನ್ನು ಅವಳಿಗೆ ಓದಿ ಹೇಳಬೇಡ. ನಾನೇ ಹೇಳಬೇಕು.

ಅದು ಹಾಗಿರಲಿ. ಇವತ್ತು ಜುಲೈ 6 ಎಂಬುದರಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇಲ್ಲ.

ಇಂತು, ಅಪ್ಪ

---

ಜುಲೈ 21 (ಡಾಕ್ಟರಮ್ಮ ಹೇಳಿದ್ದು)

ಪಿಟೀಲಿನ ಅಮ್ಮನಿಗೆ,

ಇದು ನಾನು ನಿನಗೆ ಬರೆಯುತ್ತಿರುವ ಮೊದಲನೆಯ ಕಾಗದ. ಒಂದು ದಿನವೂ ಬಿಟ್ಟಿರದ ಕಾರಣ ಬರೆಯುವ ಸಂದರ್ಭ ಬಂದಿರಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಇವತ್ತು ಬಾಗಿಲು ತೆರೆದರು. ನಾನು ತಲೆ ಬಾಚಿ, ಎದೆ ಸೆಟೆಸಿ ನಿಂತಿದ್ದೆ. ಡಾಕ್ಟರಮ್ಮ ಪುಸ್ತಕ ಹಿಡಿದು ಕೇಳಿದಳು. ‘ಜುಲೈ ಹನ್ನೆರಡು, ಸಂಜೆ ಐದು ಗಂಟೆ’ ಎಂದೆ, ಗಿರಣಿಯ ಅಂಗಳದಲ್ಲಿ ಹೇಳುವ ಹಾಗೆ ಜೋರಾಗಿ. ಸಹಾಯಕ ಗೋಡೆಯ ಕಡೆ ತಿರುಗಿದ, ಅವನ ಭುಜ ಕುಣಿಯುತ್ತಿತ್ತು. ಮೇಲಕ್ಕೆ ಕರೆದುಕೊಂಡು ಹೋಗಿ ಪರದೆ ಸರಿಸಿದರು. ಎಳೆ ಬಿಸಿಲು. ಬೆಳಿಗ್ಗೆ ಎಂಟು ಗಂಟೆ, ಜುಲೈ ಇಪ್ಪತ್ತೊಂದು. ಐವತ್ತು ದಿನದಲ್ಲಿ ಒಂಬತ್ತು ದಿನ ಎಲ್ಲಿ ಚೆಲ್ಲಿದೆನೋ ದೇವರೇ ಬಲ್ಲ.

ಪಂದ್ಯ ನೀನು ಗೆದ್ದೆ. ಒಂದು ಗಂಟೆಯ ಲೆಕ್ಕದಲ್ಲಲ್ಲ, ಒಂಬತ್ತು ದಿನದ ಲೆಕ್ಕದಲ್ಲಿ. ನಿನಗೆ ಬೇಕಾದ ಗಡಿಯಾರ ತರಿಸು, ಎಷ್ಟು ದೊಡ್ಡದಾದರೂ ಸರಿ. ಇನ್ನೂ ಏನೇನೋ ಪರೀಕ್ಷೆಗೆಂದು ಮೂರು ದಿನ ಇಟ್ಟುಕೊಳ್ಳುತ್ತಾರೆ. ಇಪ್ಪತ್ತನಾಲ್ಕಕ್ಕೆ ಬಂದು ಮೊಳೆ ಹೊಡೆಯುತ್ತೇನೆ.

ಇನ್ನೊಂದು ಮಾತು. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಆದ್ದರಿಂದ ಇಲ್ಲೇ ಬರೆಯುತ್ತೇನೆ. ಮೂವತ್ತನಾಲ್ಕು ವರ್ಷ ಊರನ್ನು ಎಬ್ಬಿಸಿದವನು ನಾನಲ್ಲ, ನೀನು. ನಾನು ಹಿಡಿ ಎಳೆಯುತ್ತಿದ್ದೆ, ಅಷ್ಟೇ. ದರ್ಜಿಗೂ ಬೇಕಾದರೆ ಹೇಳು.

ಇಂತು, ನಿನ್ನ ಯಜಮಾನ

---

ಜುಲೈ 22

ಪಿಟೀಲಿನ ಅಪ್ಪನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿದೆ. ಒಂದು ತೂತೂ ಇರಲಿಲ್ಲ. ಪಿಟೀಲು ಓದಿ ಹೇಳುತ್ತೇನೆಂದಳು, ಕೊಡಲಿಲ್ಲ.

ಗೆದ್ದ ಮೇಲೆ ಒಂದು ವಾರ ಜಂಬದಿಂದ ಓಡಾಡಬೇಕು, ದರ್ಜಿಯ ಹೆಂಡತಿಗೆ ಎರಡು ಸಲ ಹೇಳಬೇಕು ಎಂದುಕೊಂಡಿದ್ದೆ. ಒಂದು ದಿನವೂ ಆಗಲಿಲ್ಲ. ನೀವು ಹೀಗೆ ಬರೆದುಬಿಟ್ಟರೆ ನಾನು ಸುಳ್ಳನ್ನು ಎಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿ? ಕೇಳಿ.

ಮದುವೆಯಲ್ಲಿ ನಮ್ಮಣ್ಣ ನನಗೊಂದು ವಾಚು ಕೊಟ್ಟಿದ್ದ. ಮೊದಲನೇ ದಿನವೇ ನೀವು, ‘ಈ ಮನೆಗೆ ಗಡಿಯಾರ ನಾನೇ’ ಎಂದಿರಿ. ಹೊಸ ಮದುವಣಗಿತ್ತಿ, ಏನು ಹೇಳಲಿ? ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟೆ. ನಿಮ್ಮ ಸೈರನ್ ತಪ್ಪಬಾರದು, ನಿಮಗೆ ಯಾರೂ ಒಂದು ಮಾತು ಅನ್ನಬಾರದು ಎಂದು ದಿನಾ ಕದ್ದು ನೋಡಿ ಕಿಟಕಿ ತೆರೆಯುತ್ತಿದ್ದೆ. ಅಲ್ಲಿಯವರೆಗೆ ನೀವು ಬರೆದದ್ದು ಸರಿ.

ಪಿಟೀಲು ಹುಟ್ಟಿದ ವರ್ಷ ಅವಳು ರಾತ್ರಿಯೆಲ್ಲ ಕುಯ್ಯುತ್ತಿದ್ದ ಗಲಾಟೆಯಲ್ಲಿ ವಾಚಿಗೆ ಕೀಲಿ ಕೊಡುವುದನ್ನೇ ಮರೆತೆ. ಒಂದು ದಿನ ನೋಡಿದರೆ ಮೂರೂ ಇಪ್ಪತ್ತಕ್ಕೆ ನಿಂತಿದೆ. ಯಾವತ್ತು ನಿಂತಿತೋ ಗೊತ್ತಿಲ್ಲ. ನಿಮ್ಮ ಸೈರನ್ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಆಮೇಲೆ ನಾನು ಅದಕ್ಕೆ ಕೀಲಿ ಕೊಡಲಿಲ್ಲ. ಮೂವತ್ತು ವರ್ಷದಿಂದ ಅದರಲ್ಲಿ ಮೂರೂ ಇಪ್ಪತ್ತೇ.

ಹಾಗಾದರೆ ಯಾವ ಹೊತ್ತು ನೋಡಿ ಏಳುತ್ತಿದ್ದೆ ಎಂದು ಕೇಳುತ್ತೀರಿ. ನೀವು ದಿನಾ ಬೆಳಗಿನ ಜಾವ ಒಂದು ಸಲ ಮಗ್ಗುಲು ಬದಲಿಸಿ ಕೆಮ್ಮುತ್ತೀರಿ. ನಿಮಗೆ ಗೊತ್ತಿಲ್ಲ. ನೀವು ಕೆಮ್ಮಿದರೆ ನಾನು ಏಳುತ್ತಿದ್ದೆ. ನಾನು ಎದ್ದು ಕಿಟಕಿ ತೆರೆದರೆ ನೀವು ಏಳುತ್ತಿದ್ದಿರಿ. ಇಷ್ಟೇ ನಮ್ಮ ಗಡಿಯಾರ. ನಾನೇ ನಡೆಸುತ್ತಿದ್ದೇನೆ ಎಂದು ನಿಮ್ಮ ಎದುರು ಹೇಳಿಕೊಳ್ಳುತ್ತಿದ್ದೆ, ಒಳಗೆ ಗೊತ್ತಿತ್ತು. ಆ ಮಂಗಳವಾರ ಕಿಟಕಿ ತಡವಾದದ್ದೂ ಅದಕ್ಕೇ. ನೀವೇ ಹತ್ತು ನಿಮಿಷ ತಡವಾಗಿ ಕೆಮ್ಮಿದಿರಿ.

ಇದನ್ನು ಡಾಕ್ಟರಮ್ಮನಿಗೆ ಹೇಳಬೇಡಿ. ನನ್ನನ್ನೂ ಹಿಡಿದು ಒಳಗೆ ಕೂರಿಸಿಯಾಳು.

ಗಡಿಯಾರ ಬಂದಿದೆ. ನಿನ್ನೆ ಸಂಜೆ ಪಿಟೀಲು ತಂದಳು, ಗಂಟೆ ಹೊಡೆಯುವಂಥದ್ದು. ಮೊಳೆ ನೀವೇ ಹೊಡೆಯಬೇಕೆಂದು ಚೀಟಿಯಲ್ಲಿದೆ, ಆದ್ದರಿಂದ ಸದ್ಯಕ್ಕೆ ಊಟದ ಮೇಜಿನಲ್ಲಿ ನಿಮ್ಮ ಕುರ್ಚಿಯ ಮೇಲೆ ಕೂರಿಸಿದ್ದೇವೆ. ಇವತ್ತು ಬೆಳಿಗ್ಗೆ ಅದು ಸರಿಯಾಗಿ ಆರು ಸಲ ಹೊಡೆಯಿತು. ಮಲಗಿದ್ದಲ್ಲೇ ಎಣಿಸಿದೆ. ಪಕ್ಕದಲ್ಲಿ ಯಾರೂ ಕೆಮ್ಮಲಿಲ್ಲ, ನಾನು ಏಳಲಿಲ್ಲ.

ಇಂತಿ, ನಿಮ್ಮವಳು